ಒಪ್ಪಿಸುವಂಥ ಪತ್ರ ಬರೆಯೋದನ್ನು ಮಕ್ಕಳಿಗೆ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನವಿ ಪತ್ರ ಬರೆಯಿರಿ ಅಂದರೆ ಇಡೀ ಕ್ಲಾಸು ಒಂದೇ ಪತ್ರ ಬರೆಯುತ್ತದೆ. ‘ಇವರಿಂದ’, ‘ಇವರಿಗೆ’, ‘ವಿಷಯ’ ಎಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಓದಿದವರಿಗೆ ಏನಾದರೂ ಮಾಡೋಣ ಅನ್ನಿಸುವುದಿಲ್ಲ. ಏನು ಮಾಡಲಿ?

ಉತ್ತರ: ಒಕ್ಕಣೆ ಮಕ್ಕಳಿಗೆ ಬಂದಿದೆ, ಅದನ್ನು ಬಿಡಿ. ಅವರಿಗೆ ಗೊತ್ತಿಲ್ಲದಿರುವುದು ಪತ್ರ ಓದುವವರು ಯಾರು ಅನ್ನುವುದು. ನೋಟ್‌ಬುಕ್ಕಿನ ಪತ್ರವನ್ನು ಓದುವುದು ನೀವೊಬ್ಬರೇ, ಅದೂ ಅಂಕ ಹಾಕಲಿಕ್ಕೆ. ಹಾಗಿದ್ದಾಗ ಅವರು ಯಾರನ್ನು ಒಪ್ಪಿಸಬೇಕು ಹೇಳಿ?

ಅದಕ್ಕೇ ಮೊದಲ ದಿನ ಏನೂ ಬರೆಸಬೇಡಿ. ‘ಈ ಕೆಲಸ ಮಾಡಿಕೊಡುವ ಅಧಿಕಾರ ಯಾರಿಗಿದೆ?’ ಅಂತ ಕೇಳಿ. ಮಕ್ಕಳು ತಟ್ಟನೆ ಮುಖ್ಯಮಂತ್ರಿ, ಜಿಲ್ಲಾಧಿಕಾರಿ ಅಂತಾರೆ. ಬೀದಿ ದೀಪದ ವಿಷಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಬೇಕು, ಬಸ್ಸಿನದು ಡಿಪೋ ಮ್ಯಾನೇಜರ್ ಹತ್ತಿರ. ಇಷ್ಟು ತಿಳಿದರೆ ಅರ್ಧ ಪತ್ರ ಆದ ಹಾಗೆ.

ಬಸ್ಸಿನ ಪತ್ರವನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರುವುದು ಹೀಗೆ: ‘ನಮ್ಮ ಊರಿಗೆ ಸರಿಯಾದ ಬಸ್ ಸೌಲಭ್ಯ ಇರುವುದಿಲ್ಲ. ಇದರಿಂದ ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗುತ್ತಿದೆ. ಆದ್ದರಿಂದ ದಯಮಾಡಿ ಬಸ್ ಬಿಡಬೇಕೆಂದು ಕೇಳಿಕೊಳ್ಳುತ್ತೇವೆ.’ ಇದನ್ನು ಓದಿ ಡಿಪೋ ಮ್ಯಾನೇಜರ್ ಏನು ಮಾಡಬೇಕು? ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಷ್ಟು ಜನಕ್ಕೆ, ಒಂದೂ ಇಲ್ಲ.

ಈಗ ಇದನ್ನು ಓದಿ: ‘ನಮ್ಮ ಶಾಲೆ ಬಿಡುವುದು 4.20ಕ್ಕೆ. ಬಸ್ಸು 4.10ಕ್ಕೇ ನಮ್ಮ ಕ್ರಾಸ್ ದಾಟಿ ಹೋಗುತ್ತದೆ. ಮುಂದಿನ ಬಸ್ಸು 6.30ಕ್ಕೆ. ಹೀಗೆ ಕಾಯುವವರು 23 ಜನ, ಎಲ್ಲರ ಹತ್ತಿರವೂ ಪಾಸ್ ಇದೆ. ಈ ಬಸ್ಸು 4.35ಕ್ಕೆ ಬಂದರೆ ನಮಗೆ ಸಿಗುತ್ತದೆ.’ ಇಲ್ಲಿ ಗೋಗರೆಯುವುದಿಲ್ಲ. ಕೇಳಿದ್ದೂ ಹೊಸ ಬಸ್ಸಲ್ಲ, 25 ನಿಮಿಷ ಅಷ್ಟೇ. ಈ ಲೆಕ್ಕವನ್ನು ಮಕ್ಕಳೇ ಕ್ರಾಸಿನಲ್ಲಿ ನಿಂತು ಬರೆದುಕೊಂಡು ಬರಲಿ, ನೀವು ಕೊಡಬೇಡಿ.

ಆಮೇಲಿನ ಪಾಠ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಒಬ್ಬ ಹುಡುಗಿಯನ್ನು ಡಿಪೋ ಮ್ಯಾನೇಜರ್ ಮಾಡಿ ಕೂರಿಸಿ. ಅವಳ ಕೆಲಸ ‘ಆಗಲ್ಲ’ ಅನ್ನುವುದು, ಆದರೆ ಕಾರಣ ಕೊಟ್ಟು. ‘ಆ ಬಸ್ಸಿನಲ್ಲಿ ಬರುವ ಜನ ಪೇಟೆಯಲ್ಲಿ ಇನ್ನೊಂದು ಬಸ್ಸು ಹಿಡೀಬೇಕು, ತಡವಾದರೆ ಅದು ತಪ್ಪುತ್ತೆ’ ಅಂತಾಳೆ. ನಿಜವಾದ ಮಾತೇ ಅಲ್ವಾ? ಆಗ ಕ್ಲಾಸು ಯೋಚನೆಗೆ ಬೀಳುತ್ತದೆ. ‘ಅದು ಆಗದಿದ್ದರೆ 6.30ರ ಬಸ್ಸನ್ನು 5 ಗಂಟೆಗೆ ಕಳಿಸಿದರೂ ಸಾಕು’ ಅನ್ನುವ ಸಾಲು ಹುಟ್ಟುವುದು ಇಂಥ ಹೊತ್ತಿನಲ್ಲೇ. ಎದುರಿನವರ ಕಷ್ಟವನ್ನೂ ಎಣಿಸಿ ಬರೆದ ಪತ್ರವನ್ನು ಸುಮ್ನೆ ಪಕ್ಕಕ್ಕೆ ಸರಿಸುವುದು ಕಷ್ಟ.

ಕಾನೂನು ಗೊತ್ತಿದ್ದರೆ ಒಂದು ಸಾಲಿನಲ್ಲಿ ಸೇರಿಸಲಿ. ಉದಾಹರಣೆಗೆ, ಒಂದರಿಂದ ಎಂಟನೇ ತರಗತಿವರೆಗಿನ ಶಾಲೆಯಲ್ಲಿ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಒಂದು ಸಾಲು ಸಾಕು. ಅದಕ್ಕಿಂತ ಜಾಸ್ತಿಯಾದರೆ ಪತ್ರ ವಕೀಲರ ನೋಟಿಸಿನಂತೆ ಕಾಣುತ್ತದೆ.

ಕೊನೆಗೆ ಪತ್ರವನ್ನು ಕಳಿಸಿ, ದಯವಿಟ್ಟು ಕಳಿಸಿ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಊರಿನ ವಿಷಯದ ಪತ್ರವನ್ನು ಮಕ್ಕಳೇ ಅಲ್ಲಿ ಎದ್ದು ನಿಂತು ಓದಿ ಕೊಡಬಹುದು. ಕಚೇರಿಗೆ ಕೊಟ್ಟರೆ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಲಿ. ತಿಂಗಳಾದರೂ ಉತ್ತರ ಬರದಿದ್ದರೆ ಆ ತಾರೀಖನ್ನೇ ಮೊದಲ ಸಾಲಿನಲ್ಲಿ ಬರೆದು ಎರಡನೇ ಪತ್ರ ಶುರು ಮಾಡಿಸಿ.