ನೀರು ಮಣ್ಣನ್ನು ಜಾರಿಸುವುದಿಲ್ಲ, ಎತ್ತುತ್ತದೆ

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ, ಮಕ್ಕಂದೂರು, ಜೋಡುಪಾಲದ ಕಡೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಮೈ, ಕುಸಿದಾಗ ಎಲ್ಲರ ಬಾಯಲ್ಲೂ ಒಂದೊಂದು ಕಾರಣ. ಕೆಲವರು ದೇವರ ಮುನಿಸು ಅಂದರು, ಕೆಲವರು ಭೂಕಂಪ ಅಂದರು. ಓದಿದವರು, ಮಳೆಗೆ ಮಣ್ಣು ನುಣುಪಾಗಿ ಜಾರಿತು ಅಂದರು. ಈ ಕೊನೆಯದೂ ತಪ್ಪೇ.

ಇಳಿಜಾರಿನಲ್ಲಿ ಮಣ್ಣು ನಿಲ್ಲುವುದು ಮುಖ್ಯವಾಗಿ ತನ್ನದೇ ಭಾರದಿಂದ. ಕಣದ ಮೇಲೆ ಕಣ ಒತ್ತಿ ಕೂತಿರುತ್ತದೆ, ಆ ಒತ್ತಡದಿಂದಲೇ ಹಿಡಿತ. ಬಾವಿಯಿಂದ ಕೊಡ ಎಳೆದವರಿಗೆ ಗೊತ್ತು: ನೀರೊಳಗೆ ಇರುವಷ್ಟು ಹೊತ್ತು ತುಂಬಿದ ಕೊಡವೂ ಹಗುರ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಕಣಗಳಿಗೂ ಹಾಗೇ ಆಗುತ್ತದೆ. ಎರಡು ಮೀಟರ್ ದಪ್ಪದ ನೆನೆದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 4 ಟನ್ ತೂಗುತ್ತದೆ. ನೀರು ಮೇಲಿನವರೆಗೂ ಏರಿತು ಅಂದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾರವನ್ನು ನೀರೇ ಹೊರುತ್ತದೆ. ಹಿಡಿತವೂ ಅರ್ಧಕ್ಕೆ ಇಳಿಯುತ್ತದೆ. ಕೆಳಕ್ಕೆ ಎಳೆಯುವ ಬಲ ಮಾತ್ರ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಒಣಗಿದಾಗ 33 ಡಿಗ್ರಿಯಲ್ಲಿ ನಿಲ್ಲುವ ಸಡಿಲ ಮಣ್ಣಿಗೆ, ತುಂಬಾ ನೀರು ಕುಡಿದು ಒಳಗೇ ಹರಿಯುವಾಗ 18 ಡಿಗ್ರಿಯೂ ಜಾಸ್ತಿ. ಉಳಿದದ್ದನ್ನು ಬೇರು, ಜೇಡಿಯ ಅಂಟು ಮತ್ತು ಬುಡದ ಆಸರೆ ಹಿಡಿದಿಡಬೇಕು. ಮನೆಗೋ ರಸ್ತೆಗೋ ಅಂತ ಜೆಸಿಬಿ ಕಡಿಯುವುದು ಆ ಬುಡವನ್ನೇ.

ಇದನ್ನು ಲೆಕ್ಕಕ್ಕೆ ಇಳಿಸಿದವರು ಕಾರ್ಲ್ ಟೆರ್ಜಾಗಿ ಅನ್ನುವ ಎಂಜಿನಿಯರ್. ಇಸ್ತಾಂಬುಲ್‌ನಲ್ಲಿ ಪಾಠ ಹೇಳುತ್ತಾ, ಕೈಗೆ ಸಿಕ್ಕ ಡಬ್ಬಿಗಳಲ್ಲೇ ಮಣ್ಣು ತುಂಬಿ ಪ್ರಯೋಗ ಮಾಡಿ, 1925ರಲ್ಲಿ ಪುಸ್ತಕ ಬರೆದರು. ನೂರು ವರ್ಷ ಆಯಿತು. ನಮ್ಮಲ್ಲಿ ಇನ್ನೂ ಭೂಕಂಪದ ಸುದ್ದಿಯೇ ಓಡಾಡುತ್ತದೆ!

ಈಗ ನಿಯಮಕ್ಕೆ ಬರೋಣ. ಗುಡ್ಡಗಾಡಿಗಾಗಿ ಕೇಂದ್ರ ರೂಪಿಸಿದ ಮಾದರಿ ನಿಯಮ 30 ಡಿಗ್ರಿಗಿಂತ ಕಡಿದಾದ ಇಳಿಜಾರು, ಒರತೆಯ ಸಾಲು, ಮೊದಲ ಹಂತದ ತೊರೆ (ಬೇರೆ ತೊರೆ ಬಂದು ಸೇರದ, ಆಗಷ್ಟೇ ಹುಟ್ಟಿದ ತೊರೆ), ಇವುಗಳ ಮೇಲೆ ಸಾಮಾನ್ಯವಾಗಿ ಕಟ್ಟಬಾರದು ಅನ್ನುತ್ತದೆ. ಇಳಿಜಾರನ್ನೂ ತೊರೆಯನ್ನೂ ಒಟ್ಟಿಗೆ ಹೇಳಿದ್ದು ಸುಮ್ನೆ ಅಲ್ಲ. ಗುಡ್ಡದ ನೆತ್ತಿಯ ಸಣ್ಣ ತಗ್ಗಿಗೆ ಸುತ್ತಲಿನ ನೀರೆಲ್ಲ ಒಳಗಿಂದೊಳಗೇ ಬಂದು ಸೇರುತ್ತದೆ. ಅಲ್ಲಿಂದಲೇ ಕೊಲ್ಲಿ, ಅಂದರೆ ಗುಡ್ಡದ ಸಣ್ಣ ಹಳ್ಳ, ಹುಟ್ಟುತ್ತದೆ. ಕಣಗಳ ಭಾರ ಮೊದಲು ಹಗುರವಾಗುವುದೂ ಅಲ್ಲೇ. ಆ ತಗ್ಗನ್ನು ಮಣ್ಣು ಹಾಕಿ ಮುಚ್ಚಿದರೆ ನೀರು ಹೊರಗೆ ಬರಲು ದಾರಿಯಿಲ್ಲದೆ ಹಾಕಿದ ಮಣ್ಣಿನೊಳಗೇ ಏರುತ್ತದೆ. ಹಾಗಾಗಿಯೇ ಕಡಿದಾದ ಜಾಗದಲ್ಲೂ ಇಂಗುಗುಂಡಿ ತೋಡಿಸುವ ಉತ್ಸಾಹ ನನಗೆ ಭಯ ಹುಟ್ಟಿಸುತ್ತದೆ. ಬಯಲಿಗೆ ಒಳ್ಳೆಯದಾದದ್ದು ಎಲ್ಲ ಕಡೆಗೂ ಒಳ್ಳೆಯದಲ್ಲ.

ಬೆಂಗಳೂರಿನ ರಾಜಕಾಲುವೆ ಅಂಚಿಗೆ ಎಷ್ಟು ಮೀಟರ್ ಬಿಡಬೇಕು ಅನ್ನುವ ವಾದ 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ತೀರ್ಮಾನವಾಯಿತು. ಮಲೆನಾಡಿನ ಕೊಲ್ಲಿಯ ಪಾಡು ಬೇರೆ. ಮಾರ್ಚ್‌ನಲ್ಲಿ ಸೈಟ್ ನೋಡಲು ಹೋದವರಿಗೆ ಅಲ್ಲಿ ಕಾಣುವುದು ತರಗೆಲೆ ತುಂಬಿದ ಒಣ ತಗ್ಗು, ಅಷ್ಟೇ. ಎಷ್ಟೋ ಸಲ ಗ್ರಾಮ ನಕ್ಷೆಯಲ್ಲಿ ಅದಕ್ಕೊಂದು ಗೆರೆಯೂ ಇರುವುದಿಲ್ಲ. ಇಳಿಜಾರಿನ ಕತೆಯೂ ಅಷ್ಟೆ. ಮೊದಲು ಕಡಿದು ಮಟ್ಟ ಮಾಡಿ ಆಮೇಲೆ ಅಳೆಸಿದರೆ ಸೈಟು ಸಮತಟ್ಟು ಅಂತಲೇ ಬರುತ್ತದೆ, ಅಲ್ವಾ? ಅದರ ಹಿಂದೆ ನೆಟ್ಟಗೆ ನಿಂತ ಬರೆ ಅಳತೆಗೇ ಸಿಗುವುದಿಲ್ಲ. ಅನುಮತಿ ಕೊಡುವವರು ಮಣ್ಣು ಮುಟ್ಟುವ ಮೊದಲೇ, ಅದೂ ಜುಲೈ ಮಳೆಯಲ್ಲಿ, ಸೈಟಿನ ಮೇಲಿನ ಗುಡ್ಡವನ್ನೂ ಸೇರಿಸಿ ಅಳೆಯಬೇಕು.