ಗ್ಯಾಂಟ್ಸೆ ಕೋಟೆಗೆ ಎಷ್ಟು ಕರ್ಪೂರ ಬೇಕು?

ಪ್ರಶ್ನೆ: ಟಿಬೆಟ್‌ನಲ್ಲಿ ಲ್ಹಾಸಾ ನೋಡಿಕೊಂಡು ಗ್ಯಾಂಟ್ಸೆಗೆ ಹೋಗುತ್ತಿದ್ದೇವೆ. ಜೊತೆಗೆ ಅಮ್ಮ ಇದ್ದಾರೆ, 61 ವರ್ಷ. ಗುಡ್ಡದ ಮೇಲಿನ ಕೋಟೆ ಹತ್ತಬಹುದಾ? ಉಸಿರಾಟಕ್ಕೆ ಮೂಸಲು ಕರ್ಪೂರ ಎಷ್ಟು ಇಟ್ಟುಕೊಳ್ಳಬೇಕು?

ಹತ್ತಬಹುದು, ನಿಧಾನಕ್ಕೆ. ಕರ್ಪೂರ ಸೊನ್ನೆ.

ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಗೊತ್ತು. ಕೈಲಾಸಕ್ಕೆ ಹೊರಟವರು ಕೇಳುತ್ತಾರೆ, ಲಡಾಖಿಗೆ ಬೈಕ್ ಏರಿದವರು ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ, ಸೀದಾ ಅರ್ಧ ಕೆಜಿ ಡಬ್ಬಿ ಕೊಂಡುಬಿಡುತ್ತಾರೆ. ಅದಕ್ಕೇ ಈ ಸಲ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಜಾಗದ ವಿಚಾರ. ಗ್ಯಾಂಟ್ಸೆ ಇರುವುದು ಹೆಚ್ಚುಕಡಿಮೆ 4,000 ಮೀಟರ್ ಎತ್ತರದಲ್ಲಿ. ಬಾರ್ಲಿ ಹೊಲಗಳ ಸಪಾಟು ಬಯಲು, ನಡುವೆ ಒಂದೇ ಒಂದು ಕಲ್ಲಿನ ಗುಡ್ಡ, ಅದರ ನೆತ್ತಿಯ ಮೇಲೆ ಜೊಂಗ್. ಟಿಬೆಟ್‌ನವರ ಜೊಂಗ್ ಅಂದರೆ ಕೋಟೆಯೂ ಹೌದು, ಸೀಮೆಯ ಕಚೇರಿಯೂ ಹೌದು. ಇದು 14ನೆಯ ಶತಮಾನದ ಕೊನೆಯ ಹೊತ್ತಿನದು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಾಳಾಗಿ, ಆಮೇಲೆ ಅಷ್ಟಿಷ್ಟು ದುರಸ್ತಿಯಾಗಿದೆ. ಮೇಲೆ ನಿಂತರೆ ಪೆಲ್ಕೋರ್ ಚೋಡೆ ಮಠ, ಅದರ ಪಕ್ಕದಲ್ಲಿ 1427ರಲ್ಲಿ ಶುರುವಾದ ಕುಂಬುಮ್ ಸ್ತೂಪ ಎರಡೂ ಕಾಲಡಿಯಲ್ಲೇ ಕಾಣುತ್ತವೆ. ವೀಸಾ, ಪರ್ಮಿಟ್ಟು, ಗೈಡು ಎಲ್ಲ ನಿಮ್ಮ ಟೂರಿನವರ ತಲೆನೋವು. ಕೋಟೆ ಆ ದಿನ ತೆರೆದಿರುತ್ತದಾ ಅಂತ ಮಾತ್ರ ಗೈಡ್‌ನ ಹತ್ತಿರ ಮೊದಲೇ ಕೇಳಿಕೊಳ್ಳಿ.

ಈಗ ಕರ್ಪೂರ.

"ಎತ್ತರದಲ್ಲಿ ಆಮ್ಲಜನಕ ಕಡಿಮೆ, ಕರ್ಪೂರ ಮೂಸಿದರೆ ಅದು ಸಿಗುತ್ತದೆ" ಅನ್ನುತ್ತಾರೆ. ನೋಡಿ, ಮಂಗಳೂರಿನ ಬೀಚಿನಲ್ಲೂ ಗಾಳಿಯ ಶೇಕಡಾ 21 ಆಮ್ಲಜನಕವೇ, ಗ್ಯಾಂಟ್ಸೆಯಲ್ಲೂ ಅಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಗಾಳಿಯೇ ತೆಳು. ಮಂಗಳೂರಿನಲ್ಲಿ ಒಂದು ಉಸಿರಿಗೆ ನೂರು ಪಾಲು ಸಿಕ್ಕರೆ ಗ್ಯಾಂಟ್ಸೆಯಲ್ಲಿ ಅರವತ್ತರ ಆಸುಪಾಸು. ಬೆಂಗಳೂರಿನಲ್ಲೇ ತೊಂಬತ್ತು, ಅದು ನಮಗೆ ಗೊತ್ತೇ ಆಗುವುದಿಲ್ಲ. ಈ ಕೊರತೆಯನ್ನು ಒಂದು ಬಿಲ್ಲೆ ಕರ್ಪೂರ ಎಲ್ಲಿಂದ ತುಂಬಬೇಕು? ಕರ್ಪೂರದ ಅಣುವಿನಲ್ಲಿ ಆಮ್ಲಜನಕದ ಪರಮಾಣು ಇದೆ, ನಿಜ. ಒಂದೇ ಒಂದು. ಅದೂ ಇಂಗಾಲಕ್ಕೆ ಕಚ್ಚಿಕೊಂಡು ಕೂತಿದೆ, ನಿಮ್ಮ ಶ್ವಾಸಕೋಶಕ್ಕೆ ಬರುವುದಿಲ್ಲ. ಹೋಟೆಲ್ ರೂಮಿನಲ್ಲಿ ಕರ್ಪೂರ ಹಚ್ಚುವ ಮಹನೀಯರೂ ಇದ್ದಾರೆ. ಸ್ವಾಮಿ, ಉರಿಯುವುದಕ್ಕೆ ಆಮ್ಲಜನಕ ಬೇಕು. ಇರುವ ಅಷ್ಟನ್ನೂ ನೀವೇ ಸುಡುತ್ತಿದ್ದೀರಿ.

"ಆದರೆ ಮೂಸಿದ ತಕ್ಷಣ ಹಾಯೆನಿಸುತ್ತದಲ್ಲ?" ಅನಿಸುತ್ತದೆ. ಕರ್ಪೂರ ಮೂಗಿನೊಳಗಿನ ನರಗಳನ್ನು ಕೆಣಕಿ ತಣ್ಣನೆಯ ಭಾವ ಹುಟ್ಟಿಸುತ್ತದೆ, ಮೂಗು ತೆರೆದಂತೆ ಅನಿಸುತ್ತದೆ. ಅಳೆದು ನೋಡಿದರೆ ಒಳಗೆ ಹೋಗುವ ಗಾಳಿ ಮೊದಲಿನಷ್ಟೇ.

ಇದಕ್ಕೂ ಬಗ್ಗದವರು ಕೊನೆಗೆ ಆಕ್ಸಿಮೀಟರ್ ತೆಗೆಯುತ್ತಾರೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಶೇಕಡಾವಾರು ತೋರಿಸುವ ಯಂತ್ರ. ನಮ್ಮ ಗುಂಪಿನಲ್ಲೂ ಒಬ್ಬರು ತೆಗೆದಿದ್ದರು. ರಾತ್ರಿ ಊಟದ ಮೇಜಿನಲ್ಲಿ ಬೆರಳಿಗೆ ಸಿಕ್ಕಿಸಿಕೊಂಡರು: 82. ಕರ್ಪೂರ ಕಟ್ಟಿದ ಕರವಸ್ತ್ರವನ್ನು ಮೂಗಿಗೆ ಹಿಡಿದು ಗಟ್ಟಿಯಾಗಿ ಎಳೆದುಕೊಂಡರು. 84, 86, 87. "ಈಗ ಏನಂತೀರಿ?" ಅಂತ ನನ್ನ ಕಡೆ ನೋಡಿದರು. ಸಂಖ್ಯೆ ಮತ್ತೆ 82ಕ್ಕೆ ಇಳಿಯುವವರೆಗೂ ಕಾದು, ಸಪ್ಲೈಯರ್ ಇಟ್ಟುಹೋದ ಬರೀ ಪೇಪರ್ ನ್ಯಾಪ್ಕಿನ್ ಕೊಟ್ಟೆ. ಇದನ್ನೂ ಹಾಗೇ ಎಳೆದುಕೊಳ್ಳಿ ಅಂದೆ. ಮತ್ತೆ 87. ಏರಿಸಿದ್ದು ಆಳವಾದ ಉಸಿರು. ಯಾವುದನ್ನೇ ಮೂಸಿ, ಎದೆ ತುಂಬಾ ಎಳೆದುಕೊಂಡರೆ ಸ್ವಲ್ಪ ಹೊತ್ತು ಸಂಖ್ಯೆ ಏರುತ್ತದೆ. ಅವರು ನ್ಯಾಪ್ಕಿನ್ನನ್ನು ಎರಡೂ ಬದಿ ತಿರುಗಿಸಿ ನೋಡಿದರು. ಈ ನಂಬಿಕೆ ಸಾಯದೇ ಇರುವುದಕ್ಕೆ ಇದೇ ಕಾರಣ: ಮೀಟರ್ ಸುಳ್ಳು ಹೇಳುತ್ತಿಲ್ಲ, ಕ್ರೆಡಿಟ್ ಮಾತ್ರ ಬೇರೆಯವರಿಗೆ ಹೋಗುತ್ತಿದೆ.

ಮೂಸಿದರೆ ನಷ್ಟವೇನು ಅಂತೀರಾ? ನಷ್ಟ ಇದೆ. ತಲೆ ಸಿಡಿಯುತ್ತಿದ್ದರೂ "ಕರ್ಪೂರ ಇದೆಯಲ್ಲ" ಅಂತ ಮೇಲೆ ಹೋಗುತ್ತಲೇ ಇರುತ್ತಾರೆ. ಇನ್ನು ಬಾಯಿಗೆ ಹಾಕಿಕೊಳ್ಳುವವರಿಗೆ: ಪೂಜೆಯ ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಫಿಟ್ಸ್ ಬರಬಹುದು. ಮಕ್ಕಳ ಕೈಗಂತೂ ಸಿಗಲೇಬಾರದು.

ಅಮ್ಮನಿಗೆ ಬೇಕಾದದ್ದು ಲ್ಹಾಸಾದಲ್ಲಿ ಮೂರು ರಾತ್ರಿ. ಅದು 3,650 ಮೀಟರ್, ಅಲ್ಲಿ ದೇಹ ಹೊಂದಿಕೊಂಡರೆ ಗ್ಯಾಂಟ್ಸೆ ಕಷ್ಟವಲ್ಲ. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ ಊರಿನಲ್ಲೇ ಡಾಕ್ಟರಿಗೆ ತೋರಿಸಿ. ಎತ್ತರಕ್ಕೆ ಹೊಂದಿಕೊಳ್ಳಲು ಕೊಡುವ ಡೈಮಾಕ್ಸ್ ಮಾತ್ರೆಯ ಬಗ್ಗೆಯೂ ಅವರನ್ನೇ ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಹೇಳಲು ಮರೆಯಬೇಡಿ. 61 ಅನ್ನುವುದೇ ಒಂದು ತೊಂದರೆಯಲ್ಲ. ದಿನಾ ಜಿಮ್ಮಿಗೆ ಹೋಗುವ ನೀವೇ ಮೆಟ್ಟಿಲನ್ನು ಓಡಿ ಹತ್ತಿ ಮೊದಲು ಮಲಗುವ ಸಾಧ್ಯತೆ ಜಾಸ್ತಿ. ಕೂತಲ್ಲೇ ಏದುಸಿರು ಬಂದರೆ, ನಡಿಗೆ ತೂರಾಡಿದರೆ ಕೋಟೆ ಮರೆತು ಹೊರಡಿ. ಬಂದ ದಾರಿಯಲ್ಲಿ ಮಾತ್ರ ವಾಪಸ್ ಹೋಗಬೇಡಿ, ಅಲ್ಲಿ 5,000 ಮೀಟರಿನ ಕಾರೋ ಲಾ ಕಣಿವೆ ದಾರಿ ದಾಟಬೇಕು. ಹೊಳೆಗುಂಟ 90 ಕಿಲೋಮೀಟರ್ ಕೆಳಗೆ ಶಿಗಾಟ್ಸೆ ಇದೆ, ಅಲ್ಲಿ ಆಸ್ಪತ್ರೆ ಸಿಗುತ್ತದೆ. ನಮ್ಮ ಬೈಲಕುಪ್ಪೆಯ ತಾಶಿ ಲ್ಹುನ್ಪೋ ಮಠದ ಮೂಲ ಇರುವುದೂ ಆ ಊರಿನಲ್ಲೇ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೋಟೆಯಲ್ಲಿ 1904ರ ಬ್ರಿಟಿಷ್ ದಾಳಿಯ ಮ್ಯೂಸಿಯಂ ಇದೆ. ಹಾಗಾದರೆ ಆ ಬಂಡೆ ಹತ್ತಿದವರೆಲ್ಲ ಬಿಳಿಯರಾ? ದಾಳಿಯ ಮುಖಂಡ ಯಂಗ್‌ಹಸ್ಬೆಂಡ್‌ನ ಜೊತೆ ಬಂದ ದಂಡಿನಲ್ಲಿ ಜಾಸ್ತಿ ಇದ್ದವರು ಸಿಖ್ ಪಯನೀರ್‌ಗಳು, ಗೂರ್ಖಾಗಳು. ಜುಲೈ 6ರಂದು ಫಿರಂಗಿಯಿಂದ ಗೋಡೆ ಒಡೆದರು. ಆ ಬಿರುಕಿಗೆ ಹೋಗುವ ಬಂಡೆ ಎಷ್ಟು ಕಡಿದಾಗಿತ್ತೆಂದರೆ ಒಂದು ಸಲಕ್ಕೆ ಒಬ್ಬರೇ, ಅದೂ ಮೊಣಕಾಲೂರಿ ತೆವಳಬೇಕು. ಮೇಲಿಂದ ಟಿಬೆಟ್‌ನವರು ಗುಂಡು ಹಾರಿಸುತ್ತಿದ್ದರು, ಕಲ್ಲು ಉರುಳಿಸುತ್ತಿದ್ದರು. ಮೊದಲು ಹತ್ತಿದ್ದು ಲೆಫ್ಟಿನೆಂಟ್ ಗ್ರಾಂಟ್, ಅವರ ಬೆನ್ನಿಗೇ ಗೂರ್ಖಾ ಹವಾಲ್ದಾರ್ ಕರ್‌ಬೀರ್ ಪುನ್. ಇಬ್ಬರೂ ಬಿದ್ದರು. ಪುನ್ ಬಿದ್ದದ್ದು ಸುಮಾರು 30 ಅಡಿ. ಇಬ್ಬರೂ ಎದ್ದು ಮತ್ತೆ ಹತ್ತಿ ಒಳಗೆ ನುಗ್ಗಿದರು.

ಗ್ರಾಂಟ್‌ಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಪುನ್‌ಗೆ ಇಂಡಿಯನ್ ಆರ್ಡರ್ ಆಫ್ ಮೆರಿಟ್. ಆ ದೊಡ್ಡ ಪದಕ ಭಾರತೀಯ ದಂಡಿನ ದೇಶೀ ಸಿಪಾಯಿಗಳಿಗೆ ಕೊಡಬಹುದು ಅಂತ ನಿಯಮ ಬದಲಾದದ್ದು 1911ರಲ್ಲಿ, ಏಳು ವರ್ಷ ತಡವಾಗಿ.