ಐಡಿಎಂ: ಸಕ್ಕರೆ ಕಾಯಿಲೆ ಇರುವ ತಾಯಿಯ ಮಗು

ಹೆರಿಗೆ ವಾರ್ಡಿನಲ್ಲಿ ಕೆಲವು ಶಿಶುಗಳ ಕೇಸ್ ಶೀಟಿನ ಮೇಲೆ ‘ಐಡಿಎಂ’ ಎಂದು ಬರೆದಿರುತ್ತದೆ. ‘ಇನ್‌ಫಂಟ್ ಆಫ್ ಡಯಾಬಿಟಿಕ್ ಮದರ್’ ಎಂಬುದರ ಚಿಕ್ಕ ರೂಪ. ಅದನ್ನು ಕಂಡ ಮನೆಯವರು ಮಗುವಿಗೂ ಶುಗರ್ ಬಂತೆಂದು ಹೆದರುತ್ತಾರೆ. ನಿಜಕ್ಕೂ ಹುಟ್ಟಿದ ಮೊದಲ ಗಂಟೆಗಳಲ್ಲಿ ಈ ಮಕ್ಕಳಿಗಿರುವ ಅಪಾಯ ತದ್ವಿರುದ್ಧವಾದದ್ದು: ರಕ್ತದಲ್ಲಿ ಸಕ್ಕರೆ ಕುಸಿಯುವುದು.

ತಾಯಿಯ ರಕ್ತದ ಸಕ್ಕರೆ, ಅಂದರೆ ಗ್ಲೂಕೋಸ್, ಮಾಸನ್ನು (ಪ್ಲಾಸೆಂಟಾ) ಸಲೀಸಾಗಿ ದಾಟಿ ಮಗುವನ್ನು ಸೇರುತ್ತದೆ. ಆಕೆಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನೆಲ್ಲ ಮಗು ತನ್ನದೇ ಇನ್ಸುಲಿನ್ ಸುರಿಸಿ ನಿಭಾಯಿಸಬೇಕು. ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲಿ ಕೊಟ್ಟ ಈ ವಿವರಣೆ ಇಂದಿಗೂ ನಿಂತಿದೆ. ಇನ್ಸುಲಿನ್ ಮೈ ಬೆಳೆಸುವ ಹಾರ್ಮೋನೂ ಹೌದು. ಹೆಚ್ಚಾದಾಗ ಮಗುವಿನ ಭುಜ, ಹೊಟ್ಟೆಗಳಲ್ಲಿ ಕೊಬ್ಬು ತುಂಬುತ್ತದೆ, ಶ್ವಾಸಕೋಶ ಬಲಿಯುವುದು ತಡವಾಗುತ್ತದೆ. ನೋಡಲು ಬಂದವರು ‘ಗುಂಡುಗುಂಡಗಿದೆ’ ಎಂದು ಮೆಚ್ಚುವ ಮಗು ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ಕಷ್ಟಪಟ್ಟಿರಬಹುದು.

ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಕೂಡಲೇ ಇಳಿಯುವುದಿಲ್ಲ. ಅದಕ್ಕೇ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿ, ಆಮೇಲೆ ಮತ್ತೆ ಮತ್ತೆ ಹಿಮ್ಮಡಿ ಚುಚ್ಚಿ ಪರೀಕ್ಷಿಸುತ್ತಾರೆ. ಎಳೆಗೂಸಿನ ಕಾಲಿಗೆ ಸೂಜಿಯೇ ಎಂದು ಅಜ್ಜಿಯರು ಸಂಕಟಪಡುವುದು ಸಹಜ. ಆದರೂ ತಡೆಯಬೇಡಿ, ಸಕ್ಕರೆ ತೀರಾ ಇಳಿದು ಹಾಗೇ ಉಳಿದರೆ ಪೆಟ್ಟು ಬೀಳುವುದು ಮಿದುಳಿಗೆ. ಜೇನು, ಸಕ್ಕರೆ ನೀರು ನೆಕ್ಕಿಸುವುದೂ ಬೇಡ. ಮೊದಲ ಹಳದಿ ಹಾಲೇ ಬೇಕು.

ಗರ್ಭ ಧರಿಸುವ ಮೊದಲೇ ಶುಗರ್ ಇದ್ದವರ ವಿಷಯ ಇನ್ನೂ ಸೂಕ್ಷ್ಮ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಆಗ ಸಕ್ಕರೆ ಹತೋಟಿ ತಪ್ಪಿದ್ದರೆ ಅಂಗದೋಷಗಳ ಸಂಭವ ಹೆಚ್ಚು.

ತಾಯಿಯಿಂದ ಮಗುವಿಗೆ ದಾಟುವುದು ಸಕ್ಕರೆಯೊಂದೇ ಅಲ್ಲ, ಪ್ರತಿಕಾಯಗಳೂ (ಆಂಟಿಬಾಡಿಗಳು) ದಾಟುತ್ತವೆ; ಇವು ರೋಗಾಣುಗಳ ವಿರುದ್ಧ ದೇಹ ತಯಾರಿಸುವ ಕಾವಲು ಪ್ರೋಟೀನುಗಳು. ಐಜಿಜಿ ಎಂಬ ಬಗೆಯವನ್ನು ಮಾಸು ತಾನಾಗಿಯೇ ಮಗುವಿಗೆ ದಾಟಿಸುತ್ತದೆ. ಗರ್ಭಿಣಿಗೆ ಹಾಕಿದ ಧನುರ್ವಾಯು ಚುಚ್ಚುಮದ್ದು ಕೂಸನ್ನೂ ಕಾಯುವುದು ಹೀಗೆ. ಟೈಪ್ 1 ಡಯಾಬಿಟಿಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆರಗುವ ಕಾಯಿಲೆ; ಅದಿರುವ ತಾಯಿಯಲ್ಲಿ ಮೇದೋಜೀರಕ ಗ್ರಂಥಿಯ ವಿರುದ್ಧ ಹುಟ್ಟಿದ ಪ್ರತಿಕಾಯಗಳೂ ಅದೇ ದಾರಿ ಹಿಡಿಯುತ್ತವೆ. ಅವು ಮಗುವಿನ ರಕ್ತದಲ್ಲಿ ಕಂಡವೆಂದ ಮಾತ್ರಕ್ಕೆ ಕಾಯಿಲೆ ಬಂದಂತಲ್ಲ. ಎರವಲು ಬಂದವು ತಿಂಗಳುಗಳಲ್ಲಿ ಕರಗಿಹೋಗುತ್ತವೆ. ತಂದೆಗೆ ಟೈಪ್ 1 ಇದ್ದಾಗ ಮಗುವಿಗೆ ಅದು ಬರುವ ಸಂಭವಕ್ಕಿಂತ ತಾಯಿಗೆ ಇದ್ದಾಗಿನ ಸಂಭವ ಕಡಿಮೆ ಎಂಬುದನ್ನು ತನ್ನನ್ನೇ ದೂರಿಕೊಳ್ಳುವ ಪ್ರತಿ ತಾಯಿಗೂ ಹೇಳಬೇಕು.

ಐಡಿಎಂ ಮಕ್ಕಳ ಮೇಲೆ ಮುಂದೆಯೂ ಕಣ್ಣಿಡಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಗರ್ಭಾವಸ್ಥೆಯಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ಹೊತ್ತಿಗೆ ಮೈಕೊಬ್ಬು, ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಎರಡೂ ಹೆಚ್ಚಿದ್ದವು. ತಾಯಿಗೂ ಹೆರಿಗೆಯಾದ ಆರು ವಾರಕ್ಕೆ ಮತ್ತೆ ಸಕ್ಕರೆ ಪರೀಕ್ಷೆ ಆಗಬೇಕು; ಬಾಣಂತನದ ಗಡಿಬಿಡಿಯಲ್ಲಿ ಅದೇ ತಪ್ಪಿಹೋಗುತ್ತದೆ.